ಐದು ವಾರದ ಕಬಡ್ಡಿ, ಹದಿಮೂರು ವಾರದ ಕಬಡ್ಡಿ

ಕಾರ್ಕಳದ ಕಡೆಯ ಹೈಸ್ಕೂಲುಗಳಲ್ಲಿ ಮಕ್ಕಳಿಗೆ ಕಬಡ್ಡಿ ಕಲಿಸುತ್ತ ನಿವೃತ್ತನಾದ ಪಿ.ಟಿ. ಮೇಷ್ಟ್ರು ನಾನು. ನಮ್ಮಲ್ಲಿ ಆಟಕ್ಕೂ ಕಾಲವಿದೆ. ಕೊಯ್ಲಾದ ಗದ್ದೆಯಲ್ಲಿ ಹೊನಲು ಬೆಳಕಿನ ಕಬಡ್ಡಿ, ಅತ್ತ ಕಂಬಳ, ಇತ್ತ ಯಕ್ಷಗಾನ ಮೇಳದ ತಿರುಗಾಟ. ಮೇ ಕೊನೆಗೆ ಪತ್ತನಾಜೆ ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಆಮೇಲೆ ಮಳೆ. ಆಟಿ ತಿಂಗಳ ಸಂಜೆಗಳಲ್ಲಿ ನೋಡಲು ಏನೂ ಇರುವುದಿಲ್ಲ.

ಪ್ರೊ ಕಬಡ್ಡಿ ಲೀಗ್ ಶುರುವಾದದ್ದು ಆ ಖಾಲಿ ಕಾಲದಲ್ಲೇ, 2014ರ ಜುಲೈ 26ರಂದು. ಎಂಟು ತಂಡ, 60 ಪಂದ್ಯ. ಆಗಸ್ಟ್ 31ಕ್ಕೆ ಫೈನಲ್ಲೂ ಮುಗಿದಿತ್ತು. ಯು ಮುಂಬಾವನ್ನು ಸೋಲಿಸಿ ಜೈಪುರ ಗೆದ್ದಿತು. ಆ ಐದು ವಾರಗಳಲ್ಲಿ 43.5 ಕೋಟಿ ಜನ ಟಿ.ವಿ.ಯಲ್ಲಿ ನೋಡಿದರೆಂದು ವರದಿಯಾಯಿತು. ತಂಡಕ್ಕೆ ಲೀಗ್ ಹಂತದಲ್ಲಿ ಹದಿನಾಲ್ಕೇ ಪಂದ್ಯ. ಎರಡು ಸೋತರೆ ಎದೆ ಡವಗುಟ್ಟುತ್ತಿತ್ತು. ರೈಡರ್ ಒಬ್ಬ ಬೋನಸ್ ಗೆರೆ ದಾಟಿದನೋ ಇಲ್ಲವೋ ಎಂದು ನಮ್ಮ ಪೇಟೆಯ ಹೋಟೆಲಿನಲ್ಲಿ ಮರುದಿನವೂ ಜಗಳ ನಡೆಯುತ್ತಿತ್ತು.

ಜನ ಕೇಳುತ್ತಾರೆಂದರೆ ಇನ್ನಷ್ಟು ಬಡಿಸೋಣ ಎಂದು ನಡೆಸುವವರಿಗೆ ಅನಿಸಿದ್ದು ಸಹಜ. 2016ರಲ್ಲಿ ಒಂದೇ ವರ್ಷ ಎರಡು ಆವೃತ್ತಿ ನಡೆದವು, ಜನವರಿ ಕೊನೆಯಲ್ಲೊಂದು, ಜೂನ್ ಕೊನೆಯಲ್ಲಿ ಇನ್ನೊಂದು. ಎರಡನ್ನೂ ಗೆದ್ದದ್ದು ಪಟ್ನಾ. ಒಬ್ಬ ಚಾಂಪಿಯನ್ ಹುಟ್ಟಿದ ಸುದ್ದಿ ಆರುವ ಮೊದಲೇ ಇನ್ನೊಂದು ಟೂರ್ನಿ ಬಂದಿತ್ತು. ಆ ಪ್ರಯೋಗ ಅಲ್ಲಿಗೇ ನಿಂತಿತು. 2017ರಲ್ಲಿ ಹನ್ನೆರಡು ತಂಡ, ಹದಿಮೂರು ವಾರ, 138 ಪಂದ್ಯ. ತಂಡಕ್ಕೆ ಲೀಗ್‌ನಲ್ಲೇ 22. ಮುಂದಿನ ಹಂತಕ್ಕೆ ಹೋಗುವುದು ಮಾತ್ರ ಮೊದಲಿನಂತೆ ಅರ್ಧ ತಂಡಗಳೇ. ಬಾಗಿಲಿನ ಅಗಲ ಅಷ್ಟೇ, ಅಂಗಳ ಮಾತ್ರ ಉದ್ದವಾಯಿತು. ಆರಂಭದ ವಾರಗಳ ಸೋಲು ಯಾರನ್ನೂ ಕಂಗೆಡಿಸದಾಯಿತು. ನಾನೂ ದಿನಾ ನೋಡುವುದನ್ನು ಬಿಟ್ಟೆ.

ಕರ್ನಾಟಕದವರಿಗೆ ಇನ್ನೊಂದು ನೋವು ಕಾದಿತ್ತು. ಆಗ ಈ ಲೀಗ್ ಊರಿಂದೂರಿಗೆ ಸಾಗುತ್ತಿತ್ತು: ತವರಿನಲ್ಲಿ ಕೆಲವೇ ದಿನ, ಉಳಿದ ಕಾಲ ಬೇರೆ ಊರು. ಐದು ವಾರ ಹದಿಮೂರಾದರೂ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಪ್ರೇಕ್ಷಕನ ಪಾಲು ಆ ಲೆಕ್ಕದಲ್ಲಿ ಬೆಳೆಯಲಿಲ್ಲ. 2017ರಲ್ಲಂತೂ ಬೆಂಗಳೂರು ಬುಲ್ಸ್‌ನ ತವರಿನ ಪಂದ್ಯಗಳು ನಾಗ್ಪುರದಲ್ಲಿ ನಡೆದವು, ಮರುವರ್ಷ ಪುಣೆಯಲ್ಲಿ. 2019ರ ಜನವರಿ 5ರಂದು ಮುಂಬೈಯಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದು ಗುಜರಾತನ್ನು 38-33ರಿಂದ ಸೋಲಿಸಿದಾಗ, ಬುಲ್ಸ್ ಮೊದಲ ಕಪ್ ಎತ್ತಿತು. ಆ ಆವೃತ್ತಿಯ ಒಂದೇ ಒಂದು ಪಂದ್ಯವನ್ನೂ ಬೆಂಗಳೂರಿನ ಜನ ತಮ್ಮೂರಿನಲ್ಲಿ ನೋಡಿರಲಿಲ್ಲ. ಮೂರು ತಿಂಗಳು ಆಟ ನಡೆಸಿ ಒಂದು ಸಂಜೆಯೂ ಸ್ವಂತ ಊರಿಗೆ ಕೊಡದಿದ್ದರೆ ಅಭಿಮಾನಿ ಹುಟ್ಟುವುದೆಲ್ಲಿಂದ?

ಹಾಗೆಂದು ಚಿಕ್ಕದಾದಷ್ಟೂ ಒಳ್ಳೆಯದು ಎಂದೇನೂ ಅಲ್ಲ. 2016ರ ಮಧ್ಯದ ಆವೃತ್ತಿಯ ಜೊತೆಗೇ ಮೂರು ತಂಡಗಳ ಮಹಿಳಾ ಟೂರ್ನಿ ನಡೆಯಿತು. ಫೈನಲ್‌ನಲ್ಲಿ ಎದುರುಬದುರಾದ ನಾಯಕಿಯರಿಬ್ಬರೂ ಕರ್ನಾಟಕದವರು: ತೇಜಸ್ವಿನಿ ಬಾಯಿ, ನಮ್ಮ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ. ತೇಜಸ್ವಿನಿಯ ತಂಡ 24-23ರಿಂದ ಗೆದ್ದಿತು. ಒಂದು ಅಂಕದ ಅಂತರದ ಫೈನಲ್, ಅದಕ್ಕಿಂತ ಇನ್ನೇನು ಬೇಕು! ಆದರೆ ಜನ ಆಟಗಾರ್ತಿಯರ ಹೆಸರು ಕಲಿಯುವಷ್ಟರಲ್ಲಿ ಟೂರ್ನಿ ಮುಗಿದಿತ್ತು, ಮರುವರ್ಷ ಬರಲೇ ಇಲ್ಲ. ಹೆಸರು ಬಾಯಿಗೆ ಬರುವಷ್ಟು ದಿನವಾದರೂ ಆಟ ನಡೆಯಬೇಕು. ಸೋಲು ಚುಚ್ಚುವಷ್ಟು ಮಾತ್ರ ಉದ್ದವಿರಬೇಕು.

2025ರ ಹನ್ನೆರಡನೇ ಆವೃತ್ತಿಯಲ್ಲಿ ತಂಡಕ್ಕೆ 18 ಲೀಗ್ ಪಂದ್ಯಗಳಾದವು, ಆಗಸ್ಟ್ ಕೊನೆಗೆ ಶುರುವಾಗಿ ಅಕ್ಟೋಬರ್ ಕೊನೆಗೆ ಮುಗಿಯಿತು. ಇದು ಸರಿಯಾದ ಹೆಜ್ಜೆ. ಆದರೆ ಪಂದ್ಯಗಳು ನಡೆದದ್ದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಲ್ಲಿ. ನಡೆಸುವವರಲ್ಲಿ ನನ್ನದೊಂದೇ ಕೋರಿಕೆ: ಇನ್ನೆರಡು ವಾರ ಕಡಿಮೆ ಮಾಡಿದರೂ ಚಿಂತೆಯಿಲ್ಲ, ಕಂಠೀರವಕ್ಕೆ ಒಂದು ವಾರ ಕೊಡಿ. ಹೆಣ್ಣುಮಕ್ಕಳ ಟೂರ್ನಿಯನ್ನೂ ಜೊತೆಗೆ ತನ್ನಿ.