ಕಾರಿನ ಸ್ಟೀರಿಂಗ್ ಚಕ್ರದ ನಿರಂತರ ಕಂಪನ: ಕಾರಣವನ್ನು ಪತ್ತೆ ಮಾಡುವ ಕ್ರಮ

ಖಾಸಗಿ ಕಾರಿನ ನೋಂದಣಿ ಪತ್ರವು 15 ವರ್ಷಗಳ ಅವಧಿಗೆ ಊರ್ಜಿತವಾಗಿರುತ್ತದೆ. ತದನಂತರ ಪ್ರತಿ ಬಾರಿ 5 ವರ್ಷಗಳಿಗೆ ನವೀಕರಿಸಿಕೊಳ್ಳಬೇಕಾಗಿದ್ದು, ಇದಕ್ಕಾಗಿ ಪ್ರಪತ್ರ 25ರಲ್ಲಿ ಅರ್ಜಿ ಸಲ್ಲಿಸಿ ವಾಹನವನ್ನು ಪರಿಶೀಲನೆಗೆ ಹಾಜರುಪಡಿಸತಕ್ಕದ್ದು. ಅವಧಿ ಮುಕ್ತಾಯಕ್ಕೆ 60 ದಿನಗಳಿಗಿಂತ ಮುಂಚಿತವಾಗಿ ಅರ್ಜಿ ಸಲ್ಲಿಸಲು ಅವಕಾಶವಿರುವುದಿಲ್ಲ. ಪರಿಶೀಲನೆಯ ಕಾಲದಲ್ಲಿ ಸ್ಟೀರಿಂಗ್, ಬ್ರೇಕ್ ಹಾಗೂ ಟೈರುಗಳ ಸ್ಥಿತಿಗೆ ವಿಶೇಷ ಗಮನ ನೀಡಲಾಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮದ ಪ್ರಕಾರ ಸ್ಟೀರಿಂಗ್ ಚಕ್ರದ ಸಡಿಲ ಚಲನೆಯು 30 ಡಿಗ್ರಿಗಳನ್ನು ಮೀರಕೂಡದು. ಸ್ಟೀರಿಂಗ್ ಜೋಡಣೆಯ ಬಾಲ್ ಜಾಯಿಂಟುಗಳಿಗೆ ರಬ್ಬರ್ ಮುಚ್ಚಳಗಳಿರಬೇಕು.

ಆದರೆ ಕಂಪನವೆಂಬುದು ನಿಂತ ವಾಹನದಲ್ಲಿ ಕಾಣುವ ದೋಷವಲ್ಲ. ಕಚೇರಿಯ ಆವರಣದಲ್ಲಿ ನಿರ್ದೋಷವಾಗಿ ತೋರುವ ಕಾರು ಹೆದ್ದಾರಿಯಲ್ಲಿ ಗಂಟೆಗೆ 90 ಕಿ.ಮೀ. ವೇಗ ತಲುಪಿದೊಡನೆ ಚಾಲಕನ ಕೈಯನ್ನು ನಡುಗಿಸಬಹುದು. ಆದುದರಿಂದ ಈ ದೋಷವನ್ನು ಮೊದಲು ಗುರುತಿಸಬೇಕಾದವರು ವಾಹನದ ಮಾಲೀಕರೇ. ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದ ಅಪಾಯಕಾರಿ ದೋಷವಿರುವ ವಾಹನವನ್ನು ಚಲಾಯಿಸುವುದು ಮೋಟಾರು ವಾಹನ ಕಾಯ್ದೆ, 1988ರ ಕಲಂ 190ರ ಅಡಿಯಲ್ಲಿ ದಂಡನೀಯವಾಗಿರುತ್ತದೆ.

ಕಂಪನವು ಯಾವಾಗ ಉಂಟಾಗುತ್ತದೆ

ಯಾವುದೇ ಭಾಗವನ್ನು ಬದಲಾಯಿಸುವ ಮೊದಲು, ಸಂಚಾರ ವಿರಳವಾಗಿರುವ ಸಮತಟ್ಟಾದ ರಸ್ತೆಯಲ್ಲಿ ಕಾರನ್ನು ಚಲಾಯಿಸಿ ಕಂಪನವು ಯಾವ ವೇಗದಲ್ಲಿ ಆರಂಭವಾಗಿ ಯಾವ ವೇಗದಲ್ಲಿ ಕಡಿಮೆಯಾಗುತ್ತದೆ, ಬ್ರೇಕ್ ಒತ್ತಿದಾಗ ಹೆಚ್ಚುತ್ತದೆಯೇ, ಆಕ್ಸಿಲರೇಟರ್ ಬಿಟ್ಟಾಗ ನಿಲ್ಲುತ್ತದೆಯೇ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳುವುದು ಅಗತ್ಯ. ವೇಗವನ್ನು ಬರೆದುಕೊಳ್ಳುವ ಕೆಲಸವನ್ನು ಚಾಲಕನಲ್ಲದೆ ಪಕ್ಕದಲ್ಲಿ ಕುಳಿತವರು ಮಾಡುವುದು ಸೂಕ್ತ. ಗ್ಯಾರೇಜಿನಲ್ಲಿ "ಸ್ಟೀರಿಂಗ್ ಅದುರುತ್ತದೆ" ಎಂದಷ್ಟೇ ತಿಳಿಸುವ ಮಾಲೀಕರಿಗೆ ಅನೇಕ ಬಾರಿ ಅನಗತ್ಯ ದುರಸ್ತಿಯ ವೆಚ್ಚ ತಗಲುತ್ತದೆ.

ಕಂಪನವು ಸ್ಟೀರಿಂಗಿನಲ್ಲಿಯೇ ಪ್ರಧಾನವಾಗಿದ್ದರೆ ಮುಂದಿನ ಚಕ್ರಗಳಲ್ಲಿಯೂ, ಆಸನ ಅಥವಾ ನೆಲಹಾಸಿನಲ್ಲಿ ಹೆಚ್ಚಾಗಿದ್ದರೆ ಹಿಂದಿನ ಚಕ್ರಗಳಲ್ಲಿಯೂ ದೋಷವಿರುವ ಸಂಭವ ಅಧಿಕ.

80ರಿಂದ 110 ಕಿ.ಮೀ. ವೇಗದಲ್ಲಿ ಕಂಪನ

ಇದು ಅತಿ ಸಾಮಾನ್ಯ ಪ್ರಕರಣ. ಕಾರಣ ಬಹುಪಾಲು ಚಕ್ರಗಳ ತೂಕದ ಅಸಮತೋಲನ. ಸಣ್ಣ ಕಾರಿನ ಟೈರಿನ ಸುತ್ತಳತೆ ಸುಮಾರು 1.8 ಮೀಟರ್ ಇರುವುದರಿಂದ ಗಂಟೆಗೆ 90 ಕಿ.ಮೀ. ವೇಗದಲ್ಲಿ ಚಕ್ರವು ಸೆಕೆಂಡಿಗೆ ಸುಮಾರು 14 ಬಾರಿ ತಿರುಗುತ್ತದೆ. 13 ಅಂಗುಲದ ರಿಮ್ಮಿನ ಅಂಚಿನಲ್ಲಿ ಕೇವಲ 30 ಗ್ರಾಂ ತೂಕ ಹೆಚ್ಚಾಗಿದ್ದರೂ ಆ ವೇಗದಲ್ಲಿ ಅದು ಸುಮಾರು ಮೂರೂಮುಕ್ಕಾಲು ಕಿಲೋಗ್ರಾಂ ಭಾರಕ್ಕೆ ಸಮನಾದ ಎಳೆತವಾಗಿ ಚಕ್ರವನ್ನು ಪ್ರತಿ ಸುತ್ತಿನಲ್ಲಿಯೂ ಜಗ್ಗುತ್ತದೆ. ಈ ಎಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 45 ಕಿ.ಮೀ. ವೇಗದಲ್ಲಿ ಅದರ ಕಾಲುಭಾಗ ಮಾತ್ರ ಇರುತ್ತದೆ. ನಗರದೊಳಗೆ ದೋಷವು ಅನುಭವಕ್ಕೆ ಬಾರದಿರಲು ಇದೇ ಕಾರಣ.

ಬ್ಯಾಲೆನ್ಸಿಂಗ್‌ಗೆ ಹಣ ತೆರುವ ಮುನ್ನ ರಿಮ್ಮಿನ ಒಳಭಾಗವನ್ನು ನೋಡತಕ್ಕದ್ದು. ಮಲೆನಾಡು ಮತ್ತು ಕರಾವಳಿಯ ಕೆಂಪು ಮಣ್ಣಿನ ರಸ್ತೆಗಳಲ್ಲಿ ಮಳೆಗಾಲದಲ್ಲಿ ಓಡಿದ ಕಾರುಗಳಲ್ಲಿ ಕೆಸರು ಅಲ್ಲಿಯೇ ಒಣಗಿ ಗಟ್ಟಿಯಾಗಿರುತ್ತದೆ. ಒಂದು ಬಕೆಟ್ ನೀರಿನಿಂದ ಪರಿಹಾರವಾಗುವ ದೋಷವಿದು. ರಿಮ್ಮಿಗೆ ಅಂಟಿಸಿದ್ದ ಸೀಸದ ತುಂಡು ಉದುರಿದ್ದರೆ ಅದರ ಗುರುತು ಅಲ್ಲಿ ಉಳಿದಿರುತ್ತದೆ.

ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಬೇರೆ ಬೇರೆ ಕೆಲಸಗಳೆಂಬುದನ್ನು ಮಾಲೀಕರು ಗಮನಿಸತಕ್ಕದ್ದು. ಅಲೈನ್‌ಮೆಂಟ್ ಚಕ್ರಗಳ ಕೋನಕ್ಕೆ ಸಂಬಂಧಿಸಿದ್ದು. ಅದು ತಪ್ಪಿದರೆ ಕಾರು ಒಂದು ಬದಿಗೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ಅದರಿಂದ ನೇರವಾಗಿ ಕಂಪನ ಉಂಟಾಗುವುದಿಲ್ಲ. ಕಂಪನದ ನಿವಾರಣೆಗಾಗಿ ಪದೇ ಪದೇ ಅಲೈನ್‌ಮೆಂಟ್ ಮಾಡಿಸುವುದು ನಿಷ್ಪ್ರಯೋಜಕ.

ಬ್ಯಾಲೆನ್ಸಿಂಗ್ ಮಾಡಿಸಿದ ಮೇಲೂ ಕಂಪನ ಉಳಿದರೆ ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಅದಲುಬದಲು ಮಾಡಿ ನೋಡಬೇಕು. ಕಂಪನವು ಸ್ಟೀರಿಂಗಿನಿಂದ ಆಸನಕ್ಕೆ ಸ್ಥಳಾಂತರಗೊಂಡರೆ ದೋಷವು ಟೈರು ಅಥವಾ ರಿಮ್ಮಿನದೇ ಸರಿ. ಯಾವ ಚಕ್ರವೆಂಬುದನ್ನು ತಿಳಿಯಲು ಅದೇ ಅಳತೆಯ ಸ್ಟೆಪ್ನಿಯನ್ನು ಒಂದೊಂದೇ ಚಕ್ರದ ಸ್ಥಾನದಲ್ಲಿ ಹಾಕಿ ಪರೀಕ್ಷಿಸಬಹುದು. ಸ್ಟೆಪ್ನಿಯು ಕಡಿಮೆ ಅಗಲದ ತಾತ್ಕಾಲಿಕ ಚಕ್ರವಾಗಿದ್ದಲ್ಲಿ ಈ ಪರೀಕ್ಷೆ ಮಾಡಕೂಡದು. ಹೊರಗಿನಿಂದ ಖರೀದಿಸಿದ ಅಲಾಯ್ ಚಕ್ರಗಳಲ್ಲಿ ನಡುವಿನ ರಂಧ್ರವು ಹಬ್ಬಿಗಿಂತ ದೊಡ್ಡದಾಗಿದ್ದು ಚಕ್ರವು ಕೇಂದ್ರ ತಪ್ಪಿ ಕೂರುವ ಸಂಭವವಿದೆ. ಇಂತಹ ಚಕ್ರವು ಯಂತ್ರದ ಮೇಲೆ ಸರಿಯೆಂದು ತೋರಿ ಕಾರಿನಲ್ಲಿ ಅದುರುತ್ತದೆ. ಹೊಂದುವ ಅಳತೆಯ ಉಂಗುರವನ್ನು ನಡುವೆ ಅಳವಡಿಸುವುದೇ ಇದಕ್ಕೆ ಪರಿಹಾರ.

ಕಡಿಮೆ ವೇಗದಲ್ಲಿಯೇ ಕಂಪನ

ಇಲ್ಲಿ ವಿಳಂಬ ಸಲ್ಲದು. 30-40 ಕಿ.ಮೀ. ವೇಗದಲ್ಲಿಯೇ ಸ್ಟೀರಿಂಗ್ ಎಡಬಲಕ್ಕೆ ಓಲಾಡುವುದು ತೂಕದ ಅಲ್ಪ ವ್ಯತ್ಯಾಸದಿಂದ ಆಗುವಂಥದ್ದಲ್ಲ. ಟೈರಿನೊಳಗಿನ ಉಕ್ಕಿನ ಪದರ ಬಿಟ್ಟುಕೊಂಡಿರಬಹುದು, ಗುಂಡಿಗೆ ಬಿದ್ದು ರಿಮ್ಮು ಬಾಗಿರಬಹುದು, ಅಥವಾ ಚಕ್ರದ ನಟ್ಟುಗಳು ಸಡಿಲಗೊಂಡಿರಬಹುದು. ಈ ಪೈಕಿ ಮೊದಲನೆಯದರಲ್ಲಿ ಟೈರು ಸಿಡಿಯುವ, ಕೊನೆಯದರಲ್ಲಿ ಚಕ್ರವೇ ಕಳಚುವ ಅಪಾಯವಿದೆ. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ಮೊದಲು ನಟ್ಟುಗಳನ್ನು ಪರೀಕ್ಷಿಸಬೇಕು. ಬಳಿಕ ಟೈರಿನ ಪಾರ್ಶ್ವ ಮತ್ತು ಮೇಲ್ಮೈಯನ್ನು ಪೂರ್ಣ ಸುತ್ತು ನೋಡಬೇಕು. ಎಲ್ಲಿಯಾದರೂ ಉಬ್ಬು ಕಂಡುಬಂದರೆ ಆ ಟೈರನ್ನು ಪಂಕ್ಚರ್ ಅಂಗಡಿಯವರು ಸರಿಪಡಿಸಲಾರರು. ಸ್ಟೆಪ್ನಿ ಹಾಕಿಕೊಂಡು ಹೋಗಿ ಟೈರನ್ನು ಬದಲಾಯಿಸಬೇಕು.

ಟೈರಿನ ಅಚ್ಚಿನ ಆಳವು ಕಾರುಗಳಲ್ಲಿ 1.6 ಮಿ.ಮೀ.ಗಿಂತ ಕಡಿಮೆಯಿರಕೂಡದು. ಅಚ್ಚು ಸವೆಯದಿದ್ದರೂ ಹಳೆಯ ಟೈರು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಪಾರ್ಶ್ವದಲ್ಲಿರುವ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ; 2319 ಎಂದಿದ್ದರೆ 2019ರ 23ನೇ ವಾರ. ಕಡಿಮೆ ಓಡಿದ ಹಳೆಯ ಕಾರನ್ನು ಕೊಳ್ಳುವವರು ಈ ಅಂಕಿಗಳನ್ನು ಅವಶ್ಯ ನೋಡತಕ್ಕದ್ದು. ಬಹುದಿನ ಒಂದೇ ಕಡೆ ನಿಂತ ಕಾರಿನ ಟೈರು ನೆಲಕ್ಕೆ ತಾಗಿದ ಭಾಗದಲ್ಲಿ ಚಪ್ಪಟೆಯಾಗಿ ಆರಂಭದಲ್ಲಿ ಅದುರುತ್ತದೆ. ಕೆಲವು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಅದು ನಿಂತುಹೋದರೆ ಆತಂಕಪಡಬೇಕಾಗಿಲ್ಲ.

ಬ್ರೇಕ್ ಒತ್ತಿದಾಗ ಮಾತ್ರ ಕಂಪನ

ದೋಷವು ಮುಂದಿನ ಬ್ರೇಕ್ ಡಿಸ್ಕುಗಳಲ್ಲಿರುತ್ತದೆ. ಡಿಸ್ಕ್ ಬಾಗಿದೆಯೆಂದು ಹೇಳುವುದು ರೂಢಿಯಾದರೂ ಬಹುತೇಕ ಸಂದರ್ಭಗಳಲ್ಲಿ ಅದರ ದಪ್ಪವು ಸುತ್ತಲೂ ಒಂದೇ ಸಮನಾಗಿರುವುದಿಲ್ಲ. ಮಿಲಿಮೀಟರಿನ ನೂರನೇ ಕೆಲವು ಭಾಗಗಳಷ್ಟು ವ್ಯತ್ಯಾಸವೂ ಕೈಗೆ ತಿಳಿಯುತ್ತದೆ. ಹಬ್ಬಿನ ಮೇಲಿನ ತುಕ್ಕನ್ನು ತೆಗೆಯದೆ ಹೊಸ ಡಿಸ್ಕ್ ಕೂರಿಸಿದರೂ, ಗಾಳಿಯ ಗನ್ನಿನಿಂದ ನಟ್ಟುಗಳನ್ನು ಅಸಮವಾಗಿ ಬಿಗಿದರೂ ಡಿಸ್ಕ್ ಓರೆಯಾಗಿ ಕುಳಿತು ಕ್ರಮೇಣ ಅಸಮವಾಗಿ ಸವೆಯುತ್ತದೆ. ಹೊಸ ಡಿಸ್ಕ್ ಹಾಕಿಸಿದ ಕೆಲವು ತಿಂಗಳಲ್ಲಿ ಕಂಪನ ಮರಳುವುದು ಸಾಮಾನ್ಯವಾಗಿ ಈ ಕಾರಣದಿಂದ. ಡಿಸ್ಕನ್ನು ಲೇತಿನಲ್ಲಿ ಸಮಗೊಳಿಸಬಹುದಾದರೂ ಅದರ ಮೇಲೆ ನಮೂದಿಸಿರುವ ಕನಿಷ್ಠ ದಪ್ಪಕ್ಕಿಂತ ತೆಳುವಾಗಿಸಕೂಡದು.

ಇತರ ಕಾರಣಗಳು

ವೇಗ ಹೆಚ್ಚಿಸುವಾಗ ಮಾತ್ರ ಅದುರಿ ಆಕ್ಸಿಲರೇಟರ್ ಬಿಟ್ಟೊಡನೆ ನಿಂತರೆ ಆಕ್ಸಲ್ಲಿನ ಒಳಬದಿಯ ಜಾಯಿಂಟ್ ಸವೆದಿರಬಹುದು. ಕಾರು ನಿಂತು ಎಂಜಿನ್ ಓಡುತ್ತಿರುವಾಗಲೂ ಅದುರಿದರೆ ಎಂಜಿನ್ ಮೌಂಟಿಂಗ್ ಅಥವಾ ಎಂಜಿನ್ನಿನ ದಹನ ದೋಷವನ್ನು ಪರಿಶೀಲಿಸಬೇಕೇ ಹೊರತು ಚಕ್ರಗಳನ್ನಲ್ಲ. ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಬುಷ್‌ಗಳ ಸವೆತವು ಚಕ್ರದ ಅಲ್ಪ ಅದುರನ್ನು ದೊಡ್ಡದಾಗಿಸಿ ಚಾಲಕನ ಕೈಗೆ ತಲುಪಿಸುತ್ತದೆ. ಮುಂದಿನ ಚಕ್ರವನ್ನು ಜ್ಯಾಕಿನಿಂದ ಎತ್ತಿ ಭದ್ರವಾದ ಆಧಾರದ ಮೇಲೆ ನಿಲ್ಲಿಸಿ, ಎಡಬಲ ಅಂಚುಗಳನ್ನು ಹಿಡಿದು ಅಲುಗಾಡಿಸಿದಾಗ ಸಡಿಲವೆನಿಸಿದರೆ ಟೈ ರಾಡ್ ಎಂಡ್, ಮೇಲೆಕೆಳಗೆ ಹಿಡಿದಾಗ ಸಡಿಲವೆನಿಸಿದರೆ ಬಾಲ್ ಜಾಯಿಂಟ್, ಎರಡೂ ರೀತಿಯಲ್ಲಿ ಸಡಿಲವೆನಿಸಿದರೆ ಚಕ್ರದ ಬೇರಿಂಗ್ ಎಂದು ಸ್ಥೂಲವಾಗಿ ತಿಳಿಯಬಹುದು. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಕೂಡದು.

ಚಕ್ರ ಕಳಚಿ ಜೋಡಿಸಿದ ನಂತರ ನಟ್ಟುಗಳನ್ನು ಒಂದರ ಪಕ್ಕದ್ದನ್ನು ಬಿಟ್ಟು ಎದುರುಬದುರಾಗಿ, ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಪ್ರಮಾಣದಲ್ಲಿ ಬಿಗಿಗೊಳಿಸಿ, ಸ್ವಲ್ಪ ದೂರ ಓಡಿಸಿದ ಬಳಿಕ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು.

ನವೀಕರಣ ನಿರಾಕರಿಸಲ್ಪಟ್ಟಲ್ಲಿ

ವಾಹನವು ಯಾಂತ್ರಿಕವಾಗಿ ದೋಷಯುಕ್ತವಾಗಿದ್ದರೆ ನೋಂದಣಿ ಪ್ರಾಧಿಕಾರವು ಕಾಯ್ದೆಯ ಕಲಂ 45ರ ಮೇರೆಗೆ ನವೀಕರಣವನ್ನು ನಿರಾಕರಿಸಬಹುದು. ಅಂತಹ ಆದೇಶದ ಪ್ರತಿಯನ್ನು ಕಾರಣಗಳ ಸಹಿತ ಅರ್ಜಿದಾರರಿಗೆ ನೀಡಬೇಕಾಗಿರುತ್ತದೆ. ಆದೇಶದಿಂದ ಬಾಧಿತರಾದವರು ಅದು ತಲುಪಿದ 30 ದಿನಗಳೊಳಗೆ ಕಲಂ 57ರ ಅಡಿಯಲ್ಲಿ ಮೇಲ್ಮನವಿ ಸಲ್ಲಿಸಬಹುದು. ಆದರೆ ನಮೂದಿಸಿರುವ ದೋಷವು ನಿಜವಾಗಿದ್ದಲ್ಲಿ ಅದನ್ನು ಸರಿಪಡಿಸಿ ವಾಹನವನ್ನು ಪುನಃ ಹಾಜರುಪಡಿಸುವುದು ಮೇಲ್ಮನವಿಗಿಂತ ಶೀಘ್ರವಾದ ಮಾರ್ಗ.