ಪ್ರಾಣಿಶಿಲ್ಪಿ ಆಂಟ್ವಾನ್ ಲೂಯಿ ಬಾರಿ (1795–1875): ಜೀವನ, ತರಬೇತಿ ಮತ್ತು ನಿಸರ್ಗ ಪ್ರೇರಣೆ

ವನ್ಯಪ್ರಾಣಿಗಳನ್ನು ಶಿಲ್ಪಕಲೆಯ ಮುಖ್ಯ ವಸ್ತುವನ್ನಾಗಿ ಸ್ವೀಕರಿಸಿ, ಅದಕ್ಕೆ ಮನ್ನಣೆ ತಂದುಕೊಟ್ಟ ಕಲಾವಿದರಲ್ಲಿ ಫ್ರಾನ್ಸ್ ದೇಶದ ಆಂಟ್ವಾನ್ ಲೂಯಿ ಬಾರಿ ಅವರು ಅಗ್ರಗಣ್ಯರು. ವಿದ್ಯಾರ್ಥಿಗಳು, ಕುಶಲಕರ್ಮಿಗಳು ಹಾಗೂ ಆಸಕ್ತ ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಮತ್ತು ಕಾರ್ಯವಿಧಾನದ ಸಂಕ್ಷಿಪ್ತ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ತರಬೇತಿ

ಬಾರಿ ಅವರು 1795ರ ಸೆಪ್ಟೆಂಬರ್ 24ರಂದು ಪ್ಯಾರಿಸ್ ನಗರದಲ್ಲಿ ಅಕ್ಕಸಾಲಿಗರೊಬ್ಬರ ಮಗನಾಗಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಲೋಹದ ಕೆತ್ತನೆಗಾರರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. 1812ರಲ್ಲಿ ಅವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲಾಯಿತು. ಸೈನ್ಯದಿಂದ ಮರಳಿದ ನಂತರ ಶಿಲ್ಪಿ ಬೋಸಿಯೋ ಹಾಗೂ ಚಿತ್ರಕಾರ ಗ್ರೋ ಅವರಲ್ಲಿ ಅಭ್ಯಾಸ ಮಾಡಿ, 1818ರಲ್ಲಿ ಪ್ಯಾರಿಸ್‌ನ ಲಲಿತಕಲಾ ಶಾಲೆಗೆ ಪ್ರವೇಶ ಪಡೆದರು. ಹಲವು ಬಾರಿ ಸ್ಪರ್ಧಿಸಿದರೂ ಆ ಕಾಲದ ಪ್ರತಿಷ್ಠಿತ ರೋಮ್ ಬಹುಮಾನವು ಅವರಿಗೆ ದೊರೆಯಲಿಲ್ಲ. ಜೀವನೋಪಾಯಕ್ಕಾಗಿ 1823ರಿಂದ ಫೋಕೋನಿಯೇ ಎಂಬ ಅಕ್ಕಸಾಲಿಗರ ಕಾರ್ಯಾಗಾರದಲ್ಲಿ ದುಡಿಯುತ್ತಾ, ಪ್ರಾಣಿಗಳ ಸಣ್ಣ ಮಾದರಿಗಳನ್ನು ತಯಾರಿಸಿದರು.

ನಿಸರ್ಗದ ಅಧ್ಯಯನ

ಬಾರಿ ಅವರ ನಿಜವಾದ ಪಾಠಶಾಲೆ ಪ್ಯಾರಿಸ್‌ನ ಸಸ್ಯೋದ್ಯಾನಕ್ಕೆ ಸೇರಿದ ಪ್ರಾಣಿಸಂಗ್ರಹಾಲಯ. ಅಲ್ಲಿನ ಸಿಂಹ, ಹುಲಿ, ಚಿರತೆ, ಆನೆಗಳ ಚಲನವಲನಗಳನ್ನು ಅವರು ಗಂಟೆಗಟ್ಟಲೆ ಗಮನಿಸಿ ಚಿತ್ರಿಸುತ್ತಿದ್ದರು. ಚಿತ್ರಕಾರ ಡೆಲಕ್ರಾ ಅವರು ಈ ಕಾರ್ಯದಲ್ಲಿ ಜೊತೆಗಾರರಾಗಿದ್ದರು. ಪ್ರಾಣಿಯೊಂದು ಮೃತಪಟ್ಟಾಗ ಅದರ ಅಂಗಾಂಗಗಳ ಉದ್ದ, ಸುತ್ತಳತೆಗಳನ್ನು ಅಳೆದು ಬರೆದುಕೊಳ್ಳುವುದು, ಸಂಗ್ರಹಾಲಯದ ಅಸ್ಥಿಪಂಜರಗಳೊಡನೆ ಹೋಲಿಸಿ ನೋಡುವುದು ಅವರ ಪದ್ಧತಿಯಾಗಿತ್ತು. ಪ್ರಾಣಿಗಳನ್ನು ಪಂಜರದಲ್ಲಿ ಕಂಡ ಅವರು, ಜಲವರ್ಣ ಚಿತ್ರಗಳಲ್ಲಿ ಅವುಗಳಿಗೆ ಹಿನ್ನೆಲೆಯಾಗಿ ಫೋಂಟೆನ್‌ಬ್ಲೋ ಅರಣ್ಯದ ಬಂಡೆಗಳನ್ನು ಬಳಸಿದರು.

ಪ್ರಮುಖ ಕೃತಿಗಳು

1831ರ ಸಲೋನ್ ಕಲಾಪ್ರದರ್ಶನದಲ್ಲಿ ಅವರು ಪ್ರದರ್ಶಿಸಿದ ಶಿಲ್ಪದಲ್ಲಿ ಹುಲಿಯೊಂದು ಘರಿಯಾಲ್ ಮೊಸಳೆಯನ್ನು ಕಚ್ಚಿ ಹಿಡಿದಿದೆ. ಘರಿಯಾಲ್ ನಮ್ಮ ದೇಶದ ಗಂಗಾ ಮೊದಲಾದ ಉತ್ತರದ ನದಿಗಳಲ್ಲಿ ವಾಸಿಸುವ, ನೀಳ ಮೂತಿಯ ಜಲಚರವೆಂಬುದು ಗಮನಾರ್ಹ. 1833ರಲ್ಲಿ ಪ್ರದರ್ಶಿತವಾದ ಸಿಂಹ ಮತ್ತು ಸರ್ಪದ ಶಿಲ್ಪವನ್ನು ನಂತರ ಕಂಚಿನಲ್ಲಿ ಎರಕ ಹೊಯ್ದು ಪ್ಯಾರಿಸ್‌ನ ಟ್ವಿಲರಿ ಉದ್ಯಾನದಲ್ಲಿ ಸ್ಥಾಪಿಸಲಾಯಿತು. ಸದರಿ ಎರಡೂ ಕಂಚಿನ ಕೃತಿಗಳು ಈಗ ಲೂವ್ರ್ ವಸ್ತುಸಂಗ್ರಹಾಲಯದಲ್ಲಿವೆ.

ಆರ್ಥಿಕ ಸಂಕಷ್ಟ

ಓರ್ಲಿಯನ್ಸ್ ಡ್ಯೂಕ್ ಅವರ ಭೋಜನದ ಮೇಜಿಗಾಗಿ ಬಾರಿ ಅವರು ಬೇಟೆಯ ಐದು ಹಾಗೂ ಪ್ರಾಣಿಗಳ ಕಾಳಗದ ನಾಲ್ಕು ಶಿಲ್ಪಸಮೂಹಗಳನ್ನು ರಚಿಸಿದರು. ಇವುಗಳನ್ನು 1837ರ ಸಲೋನ್‌ಗೆ ಸಲ್ಲಿಸಿದಾಗ ತೀರ್ಪುಗಾರರು ತಿರಸ್ಕರಿಸಿದರು. ತದನಂತರ ಅನೇಕ ವರ್ಷಗಳವರೆಗೆ ಅವರು ಅಲ್ಲಿ ಪ್ರದರ್ಶಿಸಲಿಲ್ಲ. ಬದಲಿಗೆ ಸಣ್ಣ ಕಂಚಿನ ಶಿಲ್ಪಗಳನ್ನು ತಾವೇ ತಯಾರಿಸಿ, ಬೆಲೆಪಟ್ಟಿ ಮುದ್ರಿಸಿ, ನೇರವಾಗಿ ಮಾರಾಟ ಮಾಡಲು ಮುಂದಾದರು. 1845ರಲ್ಲಿ ಎಮಿಲ್ ಮಾರ್ತಾಂ ಅವರೊಡನೆ ಪಾಲುದಾರಿಕೆ ಏರ್ಪಟ್ಟಿತು. ಆದರೆ ಪ್ರತಿಯೊಂದು ಎರಕವನ್ನೂ ಸ್ವತಃ ತಿದ್ದಿ ನಯಗೊಳಿಸುವ ಪದ್ಧತಿಯಿಂದ ವೆಚ್ಚ ಹೆಚ್ಚಾಗಿ, ಸಾಲ ಬೆಳೆಯಿತು. 1848ರಲ್ಲಿ ಅವರ ಮಾದರಿಗಳ ಮೇಲಿನ ಹತೋಟಿ ಕೈತಪ್ಪಿ, ಸ್ವಂತ ಕೃತಿಗಳ ಪ್ರತಿಗಳನ್ನು ಅನ್ಯರು ಮಾರುವಂತಾಯಿತು. ಸಾಲ ತೀರಿಸಿ ಅವುಗಳನ್ನು ಮರಳಿ ಪಡೆಯುವ ವೇಳೆಗೆ 1857ನೇ ಇಸವಿ ಬಂದಿತ್ತು.

ಬೋಧನೆ ಮತ್ತು ಮನ್ನಣೆ

1854ರಲ್ಲಿ ಅದೇ ಸಸ್ಯೋದ್ಯಾನದ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ ಬಾರಿ ಅವರು ಪ್ರಾಣಿಚಿತ್ರಣದ ಪ್ರಾಧ್ಯಾಪಕರಾಗಿ ನೇಮಕಗೊಂಡು, ಕೊನೆಯವರೆಗೂ ಆ ಹುದ್ದೆಯಲ್ಲಿದ್ದರು. ಮುಂದೆ ವಿಶ್ವವಿಖ್ಯಾತರಾದ ಶಿಲ್ಪಿ ರೋಡಿನ್ ಅವರು 1860ರ ದಶಕದಲ್ಲಿ ಅವರ ತರಗತಿಗೆ ಹಾಜರಾಗಿದ್ದರು. 1868ರಲ್ಲಿ ಬಾರಿ ಅವರು ಫ್ರಾನ್ಸ್‌ನ ಲಲಿತಕಲಾ ಅಕಾಡೆಮಿಯ ಸದಸ್ಯರಾಗಿ ಆಯ್ಕೆಯಾದರು. 1875ರ ಜೂನ್ 25ರಂದು ನಿಧನರಾದರು. ಹುಲಿಬೇಟೆಯ ಶಿಲ್ಪವೂ ಸೇರಿದಂತೆ ಅವರ ಅನೇಕ ಕೃತಿಗಳನ್ನು ಅಮೆರಿಕದ ಬಾಲ್ಟಿಮೋರ್ ನಗರದ ವಾಲ್ಟರ್ಸ್ ಕಲಾ ಸಂಗ್ರಹಾಲಯದಲ್ಲಿ ಕಾಣಬಹುದು.

ಶಿಲ್ಪಿಗಳ ಗಮನಕ್ಕೆ

ಬಾರಿ ಅವರಿಗೆ ನೈಪುಣ್ಯದ ಕೊರತೆ ಇರಲಿಲ್ಲ; ಆದರೂ ಸ್ವಂತ ಮಾದರಿಗಳ ಮೇಲಿನ ಹತೋಟಿಯನ್ನು ಅವರು ಸುಮಾರು ಒಂಬತ್ತು ವರ್ಷ ಕಳೆದುಕೊಂಡಿದ್ದರು. ಭಾರತದಲ್ಲಿ ಕೃತಿಸ್ವಾಮ್ಯ ಅಧಿನಿಯಮ, 1957ರ ಅನ್ವಯ ಸ್ವಂತ ಶಿಲ್ಪಕೃತಿಗೆ ರಚನೆಯಾದ ಕೂಡಲೇ ರಕ್ಷಣೆ ದೊರೆಯುತ್ತದೆ. ನೋಂದಣಿ ಕಡ್ಡಾಯವಲ್ಲವಾದರೂ ವಿವಾದದ ಸಂದರ್ಭದಲ್ಲಿ ಅದು ಪುರಾವೆಯಾಗಿ ನೆರವಾಗುತ್ತದೆ. ಹಕ್ಕಿನ ವರ್ಗಾವಣೆಯು ಲಿಖಿತವಾಗಿದ್ದು, ಸಹಿಯನ್ನು ಹೊಂದಿರತಕ್ಕದ್ದು. ಅವಧಿಯನ್ನು ನಮೂದಿಸದಿದ್ದಲ್ಲಿ ಐದು ವರ್ಷಗಳೆಂದು ಭಾವಿಸಲಾಗುತ್ತದೆ. ಆದ್ದರಿಂದ ಮಾದರಿ ಅಥವಾ ಅಚ್ಚುಗಳನ್ನು ಇತರರಿಗೆ ಒಪ್ಪಿಸುವ ಮುನ್ನ ಪ್ರತಿಗಳ ಸಂಖ್ಯೆ, ಅವಧಿ ಮತ್ತು ಸಂಭಾವನೆಯನ್ನು ಕರಾರುಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಿಕೊಳ್ಳುವುದು ಸೂಕ್ತ.