ಸರಕಿಗೆ ಜಾಗವುಂಟು, ಸಾರಥಿಗೆ?

ಸರಕು ಸಾಗಿಸುವ ವಾಹನವನ್ನು ಗೊತ್ತುಮಾಡುವಾಗ ಅದು ಎಷ್ಟು ಟನ್ನು ಹೊರುತ್ತದೆ, ಬೀರು ಮಂಚಗಳೆಲ್ಲ ಒಂದೇ ಸಲಕ್ಕೆ ಹಿಡಿಸುತ್ತವೆಯೇ ಎಂದು ನಾವು ವಿಚಾರಿಸುತ್ತೇವೆ. ಮುಂದಿನ ಗೂಡಿನಲ್ಲಿ ಕುಳಿತು ಓಡಿಸುವವನಿಗೆ ಏನು ಅನುಕೂಲವಿದೆ ಎಂದು ವಿಚಾರಿಸುವುದು ಅಪರೂಪ. ನಮ್ಮ ಈ ಉದಾಸೀನಕ್ಕೂ ಒಂದು ಇತಿಹಾಸವಿದೆ.

1925ರಲ್ಲಿ ಅಮೆರಿಕದ ಫೋರ್ಡ್ ಕಂಪನಿಯು ತನ್ನ ಮಾಡೆಲ್ ಟಿ ಕಾರಿನ ಹಿಂಬದಿಗೆ ಉಕ್ಕಿನ ತೊಟ್ಟಿಯೊಂದನ್ನು ಜೋಡಿಸಿ, 281 ಡಾಲರಿಗೆ ಮಾರಾಟಕ್ಕಿಟ್ಟಿತು. ಕಾರ್ಖಾನೆಯಿಂದಲೇ ಸಿದ್ಧವಾಗಿ ಬಂದ ಅದರ ಮೊದಲ ಪಿಕಪ್ ಇದು. 1948ರಲ್ಲಿ ಅದೇ ಕಂಪನಿ ಹೊಸ ಎಫ್ ಶ್ರೇಣಿಯ ವಾಹನಗಳನ್ನು ತಂದು, ಅವುಗಳ ಕ್ಯಾಬನ್ನು ‘ಹತ್ತು ಲಕ್ಷ ಡಾಲರಿನ ಕ್ಯಾಬ್’ ಎಂದು ಜಾಹೀರು ಮಾಡಿತು. ಹಾಗಿದ್ದೂ ಚಾಲಕನ ಪಕ್ಕದಲ್ಲಿ ಕುಳಿತವನ ಮುಂದಿನ ಗಾಜಿಗೆ ವೈಪರ್ ಬೇಕಾದರೂ, ಬಿಸಿಲು ಮರೆಮಾಡುವ ಪಟ್ಟಿ ಬೇಕಾದರೂ ಬೇರೆ ಹಣ ತೆರಬೇಕಿತ್ತು. 1973ರಲ್ಲಿ ಡಾಡ್ಜ್ ಕಂಪನಿಯ ‘ಕ್ಲಬ್ ಕ್ಯಾಬ್’ ಬಂದಾಗಲೇ ಆಸನದ ಹಿಂದೆ ಕೈಚೀಲ, ಉಪಕರಣಗಳನ್ನಿಡಲು ಸ್ವಲ್ಪ ಸ್ಥಳ ದೊರೆತದ್ದು. ಅಲ್ಲಿ ಮಾಲೀಕನೇ ಚಾಲಕನಾಗಿ, ಹೆಂಡತಿ ಮಕ್ಕಳನ್ನೂ ಕೂಡಿಸಿಕೊಂಡು ಹೊರಡತೊಡಗಿದಂತೆಲ್ಲ ಅನುಕೂಲಗಳು ಒಂದೊಂದಾಗಿ ಒಳಸೇರಿದವು.

ನಮ್ಮ ದೇಶದಲ್ಲಿ ಹಣ ಕೊಡುವವನು ಒಬ್ಬ, ಓಡಿಸುವವನು ಇನ್ನೊಬ್ಬ. ಬಹುಕಾಲ ಕಂಪನಿಗಳು ಎಂಜಿನ್ನು ಕೂಡಿಸಿದ ಚಾಸಿಯನ್ನಷ್ಟೇ ಮಾರುತ್ತಿದ್ದವು. ಲಾರಿಯ ಗೂಡನ್ನು ನಾಮಕ್ಕಲ್‌ನಂಥ ಊರುಗಳ ಬಾಡಿ ಕಟ್ಟುವ ಷೆಡ್ಡುಗಳಲ್ಲಿ ಮರ, ತಗಡುಗಳಿಂದ ಕಟ್ಟುತ್ತಿದ್ದರು. ದೇವರ ಪಟಕ್ಕೆ ಅಲ್ಲಿ ಜಾಗವಿತ್ತು. ಶಾಖ ತಡೆಯುವ ಹೊದಿಕೆಗೆ ಇರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿ, ರಾತ್ರಿ ತಂಗುವಲ್ಲಿ ವಿಶ್ರಾಂತಿ ಕೊಠಡಿ ಇರಬೇಕೆಂದೂ ಹೇಳಿತು. ಅದು ಗಾಡಿ ನಿಂತ ಮೇಲಿನ ವಿಶ್ರಾಂತಿಯ ಮಾತು. ಗಾಡಿ ಓಡುವಾಗಿನ ಬೇಗೆಯ ಮಾತಲ್ಲ.

ಈ ಬೇಗೆ ಅಲ್ಪವಾದದ್ದಲ್ಲ. ಡೀಸೆಲ್ಲಿನಲ್ಲಿರುವ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಚಕ್ರವನ್ನು ತಲುಪದೆ ಶಾಖವಾಗಿಯೇ ಹೋಗುತ್ತದೆ. 2005ರಲ್ಲಿ ಬಂದ ಟಾಟಾ ಏಸ್ ವಾಹನವನ್ನೇ ನೋಡಿ. ಓಣಿ ಓಣಿಗೂ ನುಗ್ಗಬಲ್ಲ ಈ ಪುಟ್ಟ ಗಾಡಿ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿತೆಂಬುದು ನಿಜ. ಆದರೆ ಅದರ ಎಂಜಿನ್ನು ಇದ್ದದ್ದು ಆಸನದ ಕೆಳಗೆ! ಮೇಲೆ ಕಾದ ತಗಡು, ಕೆಳಗೆ ಕಾದ ಎಂಜಿನ್ನು, ನಡುವೆ ಮನುಷ್ಯ.

2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು, 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವನ್ನು ಕಡ್ಡಾಯಗೊಳಿಸಿ ಅಧಿಸೂಚನೆ ಹೊರಡಿಸಿತು. ಇದು ಸ್ವಾಗತಾರ್ಹವೇ. ಆದರೆ ಆ ಅಧಿಸೂಚನೆಯ ವ್ಯಾಪ್ತಿಗೆ ಬಂದದ್ದು ಸರಕೂ ಸೇರಿ 3.5 ಟನ್ನಿಗೆ ಮೀರಿದ ವಾಹನಗಳು ಮಾತ್ರ. ನಮ್ಮ ಬಡಾವಣೆಗಳಿಗೆ ತರಕಾರಿ, ನೀರಿನ ಕ್ಯಾನು, ಮನೆಸಾಮಾನು ತರುವ ಚಿಕ್ಕ ಪಿಕಪ್‌ಗಳು ಹೊರಗೇ ಉಳಿದವು. ಚಿಕ್ಕ ಗಾಡಿಯ ಚಾಲಕನಿಗೆ ಬಿಸಿಲೂ ಚಿಕ್ಕದಾಗಿರುತ್ತದೆಯೇ?

ಬೆಲೆ ಏರುತ್ತದೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಚಿಕ್ಕ ಗಾಡಿಯ ಮಾಲೀಕನೂ ಅನೇಕ ವೇಳೆ ಸಾಲಗಾರನೇ. ಆದರೆ ತಗಡಿನ ಒಳಮೈಗೆ ಶಾಖ ತಡೆಯುವ ಹೊದಿಕೆ, ಗಾಳಿಯಾಡಲು ಕಿಂಡಿ, ನೀರಿನ ಬಾಟಲಿ ಇಡಲು ಗೂಡು, ಬೆನ್ನಿಗೆ ತಕ್ಕ ಆಸನ, ಇಷ್ಟಕ್ಕೆ ಹವಾನಿಯಂತ್ರಣದಷ್ಟು ಖರ್ಚು ಬೇಕಿಲ್ಲ. ಕೊಳ್ಳುವವರು ಕೇಳಿದರೆ ಕಂಪನಿಗಳು ಕೊಟ್ಟಾವು. ಬಾಡಿಗೆ ಕೊಡುವ ನಾವೂ ಸಾಮಾನಿನ ಲೆಕ್ಕದ ಜೊತೆಗೆ ಮನುಷ್ಯನ ಲೆಕ್ಕವನ್ನೂ ಇಟ್ಟರೆ, ಕೊಳ್ಳುವವರು ಕೇಳುವ ದಿನವೂ ಬೇಗ ಬಂದೀತು.